ಭಾವನ ನಲವತ್ತೆಂಟು ಮಣೆ

ನನ್ನ ಮಗಳ ಹೊಟ್ಟೆಯೊಳಗೆ ಒಬ್ಬ ಸಿಪಾಯಿ ಇದ್ದಾನೋ ಇಲ್ಲವೋ ಎಂಬುದು ಭಾನುವಾರ ಸಂಜೆ ನಾಲ್ಕೂವರೆಯಿಂದ ನನ್ನ ತಲೆಯಲ್ಲಿ ಬಿಡಾರ ಹೂಡಿದ ಪ್ರಶ್ನೆ. ಸೋಮವಾರ ಬೆಳಗ್ಗೆ ಹಾಲು ಕಾಯಿಸುವಾಗಲೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ. ನಗಬೇಡಿ. ನಗುವವರು ನಮ್ಮ ಮನೆಯಲ್ಲೇ ಬೇಕಾದಷ್ಟು ಜನ ಇದ್ದಾರೆ.

ಸಿಪಾಯಿ ಎಂದರೆ ಅನ್ನ ತಿಂದು ಓಡಾಡುವ ಸಿಪಾಯಿಯಲ್ಲ. ನನ್ನ ಕಿರುಬೆರಳಿನ ಉಗುರಿಗಿಂತ ತುಸು ಎತ್ತರದ, ಲೋಹದಲ್ಲಿ ಎರಕ ಹೊಯ್ದು ಬಣ್ಣ ಬಳಿದ ಸಿಪಾಯಿ. ಅವನ ಒಡೆಯ ನನ್ನ ಭಾವ, ಅಂದರೆ ನಮ್ಮ ಯಜಮಾನರ ಅಣ್ಣ. ನನ್ನ ಮಗಳು ಪುಟ್ಟಿಗೆ ಹದಿಮೂರು ತಿಂಗಳು. ಭಾವನಿಗೆ ನಲವತ್ತಾರು ವರ್ಷ. ಇಬ್ಬರಲ್ಲಿ ಯಾರ ಹತ್ತಿರ ಆಟದ ಸಾಮಾನು ಜಾಸ್ತಿ ಇದೆ ಎಂದು ಹೊರಗಿನವರು ಕೇಳಿದರೆ ನಾನು ಮಾತು ಬದಲಿಸುತ್ತೇನೆ.

ಭಾವ ಹಲ್ಲು ಕಟ್ಟುವವರು. ಹಲ್ಲಿನ ಡಾಕ್ಟರಲ್ಲ; ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ತಕ್ಕಂತೆ ಸೆಟ್ಟು ಮಾಡಿಕೊಡುವವರು. ಪೇಟೆಯಲ್ಲಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕೆಲಸದ ಕೋಣೆ. ಎರಡು ಕಿಟಕಿ, ಒಂದು ಬರ್ನರು, ಪ್ಲಾಸ್ಟರ್ ಪುಡಿಯ ಡಬ್ಬಿ, ಗೋಡೆಯುದ್ದಕ್ಕೂ ಶೆಲ್ಫಿನ ಮೇಲೆ ಬಾಯಿ ಬಿಟ್ಟುಕೊಂಡು ಕೂತ ಬಿಳಿ ದವಡೆಗಳು. ಒಂದೊಂದರ ಅಡಿಯಲ್ಲೂ ಪೆನ್ಸಿಲಿನಲ್ಲಿ ಬರೆದ ನಂಬರು. ಭಾವ ಮನೆಗೆ ಬಂದರೆ ಹುಬ್ಬಿನ ತುಂಬ ಹಿಟ್ಟು ಚೆಲ್ಲಿದಂತೆ ಇರುತ್ತದೆ, ಎಷ್ಟು ಸಲ ಹೇಳಿದರೂ ಬಾಗಿಲ ಹೊರಗೆ ಒದರಿಕೊಂಡು ಬರುವುದಿಲ್ಲ.

ಒಂದು ಸೆಟ್ಟಿಗೆ ಮೇಲೆ ಹದಿನಾಲ್ಕು ಹಲ್ಲು, ಕೆಳಗೆ ಹದಿನಾಲ್ಕು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸೆಟ್ಟೂ ಒಂದು ಹಲ್ಲು ಕಮ್ಮಿಯಾಗಿ ಹೋಗಿಲ್ಲವಂತೆ. ಅದನ್ನು ಅತ್ತೆ ಯಾರು ಮನೆಗೆ ಬಂದರೂ ಹೇಳುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಭಾವನ ಎಣಿಕೆಗೆ ಎದುರು ಮಾತಿಲ್ಲ. ಅವರು ಎಣಿಸಿ ಮೊಟ್ಟೆ ಹನ್ನೊಂದು ಅಂದರೆ ಹನ್ನೆರಡನೆಯ ಮೊಟ್ಟೆ ನಾಚಿಕೊಂಡು ಒಳಗೆ ಹೋಗಬೇಕು.

ಇಂಥ ಲೆಕ್ಕದ ಮನುಷ್ಯನಿಗೆ ಯುದ್ಧದ ಹುಚ್ಚು ಹತ್ತಿಸಿದವರು ಒಬ್ಬ ಮುದುಕ ಇತಿಹಾಸದ ಮೇಷ್ಟ್ರು. ಸೆಟ್ಟು ಮಾಡಿಸಿಕೊಳ್ಳಲು ಬಂದವರು, ಆ ದಿನದ ಕೆಲಸ ಮುಗಿದ ಮೇಲೂ ಎದ್ದು ಹೋಗದೆ ಸ್ಟೂಲಿನ ಮೇಲೆ ಕೂತು ರಾಜರ ಕಥೆ ಹೇಳುತ್ತಿದ್ದರಂತೆ. ಒಂದು ದಿನ ಒಂದು ಡಬ್ಬಿ ಸಿಪಾಯಿಗಳನ್ನೂ ಅವರನ್ನಿಟ್ಟು ಯುದ್ಧ ಆಡುವ ನಿಯಮಗಳ ಎಂಬತ್ತನಾಲ್ಕು ಪುಟದ ಒಂದು ಜೆರಾಕ್ಸ್ ಪುಸ್ತಕವನ್ನೂ ತಂದು ಕೊಟ್ಟರು. ಎರಡನೆಯ ಸಲ ಅಳತೆ ನೋಡುವ ಮೊದಲೇ ತೀರಿಕೊಂಡರು. ಅವರ ಹಲ್ಲು ಇನ್ನೂ ಶೆಲ್ಫಿನ ಮೇಲಿದೆ. ಅದನ್ನು ಭಾವ ವಾರಕ್ಕೊಮ್ಮೆ ಒರೆಸುತ್ತಾರೆ. ಪುಣ್ಯಾತ್ಮರು ಹೋಗುವಾಗ ತಮ್ಮ ಯುದ್ಧವನ್ನೂ ಜೊತೆಗೆ ತೆಗೆದುಕೊಂಡು ಹೋಗಿದ್ದರೆ ನನಗೆ ಈ ಪಾಡು ಬರುತ್ತಿರಲಿಲ್ಲ.

ಆ ಡಬ್ಬಿ ಭಾವನಿಗೆ ಸಾಲಲಿಲ್ಲ. ಹಲ್ಲಿಗೆ ಅಚ್ಚು ಮಾಡುವ ಕೈಗೆ ಸಿಪಾಯಿಗೆ ಅಚ್ಚು ಮಾಡುವುದು ಎಷ್ಟರ ಕೆಲಸ? ಲೋಹ ಬೇಕಿತ್ತು, ಅದಕ್ಕೆ ಒಬ್ಬ ಪ್ಲಂಬರು ಸಿಕ್ಕಿದರು. ಹಳೇ ಮನೆ ಕೆಡವಿದಲ್ಲಿ ಕಿತ್ತ ಪೈಪಿನ ತುಂಡುಗಳನ್ನು ತಂದು ಕೊಡುತ್ತಾರೆ. ಭಾವ ಅದನ್ನು ಬರ್ನರಿನ ಮೇಲೆ ಕರಗಿಸಿ ಎರಕ ಹೊಯ್ಯುತ್ತಾರೆ. ಹಲ್ಲಿಲ್ಲದವರಿಗೆ ಹಲ್ಲು ಮಾಡುವ ಜಾಗದಲ್ಲಿ ಬಾಯಿಲ್ಲದ ಸಿಪಾಯಿಗಳು ಹುಟ್ಟುತ್ತಾರೆ.

ಆಟ ಏನೆಂದು ನಾನು ಮದುವೆಯಾದ ಹೊಸತರಲ್ಲಿ ಮರ್ಯಾದೆಗೆ ಕೇಳಿದ್ದೆ. ಭಾವ ಒಂದೂವರೆ ಗಂಟೆ ಹೇಳಿದರು. ನನಗೆ ಅರ್ಥವಾದದ್ದು ಇಷ್ಟು: ಸಾವಿರದ ನೂರು ವರ್ಷದ ಹಿಂದೆ ಯಾವುದೋ ಚಳಿ ಸಮುದ್ರದ ದಡಕ್ಕೆ ಹಡಗಿನಲ್ಲಿ ಬಂದಿಳಿದು ಊರು ಸುಡುತ್ತಿದ್ದ ವೈಕಿಂಗರು ಒಂದು ಕಡೆ, ಸುಡಿಸಿಕೊಳ್ಳುತ್ತಿದ್ದ ಸ್ಯಾಕ್ಸನ್ನರು ಇನ್ನೊಂದು ಕಡೆ. ಭಾವ ಸ್ಯಾಕ್ಸನ್ನರ ರಾಜ. ವೈಕಿಂಗರ ರಾಜ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈಮ್‌ಟೇಬಲ್ ಬರೆದು ನಿವೃತ್ತರಾದವರು. ಅವರನ್ನು ಎಲ್ಲರೂ ಡಿಪೋದವರು ಅನ್ನುತ್ತಾರೆ. ಹೆಂಡತಿಯ ಎದುರು ಒಂದು ಲೋಟ ನೀರು ಬೇಕು ಅನ್ನಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ ನಮ್ಮ ಊಟದ ಮೇಜಿನ ಮೇಲೆ ಹಳ್ಳಿಗಟ್ಟಲೆ ಸುಡುತ್ತಾರೆ. ಪೈಪ್ ತಂದುಕೊಡುವ ಪ್ಲಂಬರೇ ತೀರ್ಪುಗಾರ.

ಮೇಜು ಅಂದೆನಲ್ಲ, ಅದರ ಗತಿ ಹೇಳಬೇಕು. ಪ್ರತಿ ಭಾನುವಾರ ಎರಡು ಗಂಟೆಗೆ ಅದರ ಮೇಲೆ ಹಸಿರು ಪರದೆ ಹಾಸುತ್ತಾರೆ. ಪರದೆಯ ಅಡಿಗೆ ಟೆಲಿಫೋನ್ ಡೈರೆಕ್ಟರಿ ತುರುಕಿದರೆ ಗುಡ್ಡ. ನೀಲಿ ರಿಬ್ಬನ್ ಎಳೆದರೆ ಹೊಳೆ. ಪಾತ್ರೆ ತಿಕ್ಕುವ ಸ್ಪಂಜನ್ನು ಚೂರು ಮಾಡಿ ಹಸಿರು ಬಳಿದರೆ ಕಾಡು. ನನ್ನ ಅಡಿಗೆಮನೆಯಲ್ಲಿ ಸ್ಪಂಜು ಎಲ್ಲಿ ಹೋಗುತ್ತದೆ ಎಂದು ಆರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಒಂದು ದಿನ ನೋಡಿದರೆ ವೈಕಿಂಗರು ಅದರೊಳಗೆ ಅಡಗಿ ಕೂತಿದ್ದರು. ಸಿಪಾಯಿಗಳು ಸಣ್ಣ ಮರದ ಚೂರುಗಳ ಮೇಲೆ ನಿಂತಿರುತ್ತಾರೆ. ಆ ಚೂರಿಗೆ ಇವರು ಮಣೆ ಅನ್ನುತ್ತಾರೆ. ಅದಕ್ಕಿಂತ ಹತ್ತಿರದಿಂದ ನಾನು ನೋಡಿರಲಿಲ್ಲ. ನೋಡುವ ಆಸೆಯೂ ಇರಲಿಲ್ಲ.

ಭಾವನಿಗೆ ಮದುವೆ ಯಾಕಾಗಲಿಲ್ಲ ಎಂದು ನನ್ನ ತವರಿನವರು ಕೇಳುತ್ತಿರುತ್ತಾರೆ. ಆಗುವುದರಲ್ಲಿತ್ತು. ಹತ್ತು ವರ್ಷದ ಹಿಂದೆ ಒಬ್ಬ ನರ್ಸು ತಾನಾಗಿ ಮನೆ ನೋಡಲು ಬಂದಿದ್ದಳಂತೆ. ಬಂದದ್ದು ಭಾನುವಾರ. ಭಾವ ತಲೆಯೆತ್ತಿ, "ಕೂತ್ಕೊಳ್ಳಿ, ಇದೊಂದು ಸುತ್ತು ಮುಗಿಸಿ ಬಂದೆ" ಅಂದರು. ಆಕೆ ಮೂರು ಸುತ್ತು ಕೂತಳು, ಎರಡು ಲೋಟ ಚಹಾ ಕುಡಿದಳು, ಎದ್ದು ಹೋದಳು. ಅದು ಭಾವನಿಗೆ ತಿಳಿದದ್ದು ಸ್ಯಾಕ್ಸನ್ನರು ಹೊಳೆ ದಾಟಿ ಹಿಂದಕ್ಕೆ ಬಂದ ಮೇಲೆ. ಅತ್ತೆ ಇದನ್ನು ಹೇಳುವಾಗ ಈಗಲೂ ಮೂಗು ಮುರಿಯುವುದು ಆ ನರ್ಸಿನ ಮೇಲೆ. "ಅಷ್ಟೂ ತಾಳ್ಮೆ ಇಲ್ದೋಳು ಸಂಸಾರ ಮಾಡ್ತಿದ್ಲಾ?" ನನಗಂತೂ ಆಕೆಯ ವಿಳಾಸ ಸಿಕ್ಕಿದರೆ ಹೋಗಿ ಕೈ ಕುಲುಕಿ ಬರಬೇಕು ಅನ್ನಿಸುತ್ತದೆ.

ಈಗ ಭಾನುವಾರಕ್ಕೆ ಬರುತ್ತೇನೆ.

ಅತ್ತೆ ಮಲಗಿದ್ದರು. ನಮ್ಮ ಯಜಮಾನರು ಮೊಬೈಲ್ ರಿಪೇರಿಗೆಂದು ಪೇಟೆಗೆ ಹೋಗಿದ್ದರು. ಮೇಜಿನ ಸುತ್ತ ಮೂವರು ಗಂಡಸರು ಬಗ್ಗಿ ನಿಂತು ಒಂದು ಈಟಿಯ ವಿಷಯಕ್ಕೆ ಕಾದಾಡುತ್ತಿದ್ದರು.

"ತಲುಪುತ್ತೆ ಕಣ್ರೀ" ಅಂದರು ಡಿಪೋದವರು.

"ಎಲ್ಲಿ ತಲುಪುತ್ತೆ? ನೂಲಷ್ಟು ಕಮ್ಮಿ ಇದೆ" ಅಂದರು ಭಾವ. ಹಲ್ಲಿನ ದಪ್ಪ ಅಳೆಯುವ ಸಾಧನ ತಂದು ಅಳೆದು ತೋರಿಸಿದರು.

"ನೂಲಷ್ಟಕ್ಕೆ ಏನ್ ಜಗಳ ಮಾರಾಯ್ರೆ?"

ಪ್ಲಂಬರು ಕೈಯೆತ್ತಿದರು. "ನೂಲಂದ್ರೆ ನೂಲೇ. ಪೈಪು ನೂಲಷ್ಟು ಕಮ್ಮಿ ಆದ್ರೆ ನೀರು ಸುಮ್ನಿರುತ್ತಾ? ಈಟಿ ತಲುಪಲ್ಲ. ಮುಂದೆ ನಡೀರಿ."

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯಾಕೆ. ನಮ್ಮ ಬಚ್ಚಲಿನ ಪೈಪು ಸೋರಿ ಅವರ ಅಡಿಗೆಮನೆಯ ಗೋಡೆ ಒದ್ದೆಯಾಗುತ್ತಿದೆಯಂತೆ. ನಾನು ಒಳಗೆ ಬಂದು, ಮನೆಯಲ್ಲೇ ಒಬ್ಬ ಪ್ಲಂಬರು ಇದ್ದಾರಲ್ಲ ಎಂಬ ಧೈರ್ಯದಲ್ಲಿ ಹೇಳಿದೆ. ಪ್ಲಂಬರು ಪುಸ್ತಕದಿಂದ ಕಣ್ಣು ತೆಗೆಯದೆ, "ಈ ಸುತ್ತು ಮುಗೀಲಿ ಕಣಮ್ಮ" ಅಂದರು.

ನಾನೇ ಹೋದೆ. ಹೋಗುವ ಮೊದಲು, "ಪುಟ್ಟಿ ನೆಲದ ಮೇಲೆ ಆಡ್ತಿದ್ದಾಳೆ, ಸ್ವಲ್ಪ ನೋಡ್ಕೊಳ್ಳಿ" ಅಂದೆ. ಮೂವರೂ "ಹೂಂ" ಅಂದರು. ಮೂರು ಹೂಂ ನನ್ನ ಕಿವಿಯಾರೆ ಕೇಳಿದ್ದೇನೆ.

ಐದು ನಿಮಿಷ. ವಾಪಸು ಬಂದಾಗ ಪುಟ್ಟಿ ಮೇಜಿನ ಪಕ್ಕದ ಗಿಡ್ಡ ಸ್ಟೂಲು ಹಿಡಿದು ನಿಂತಿದ್ದಳು. ಆ ಸ್ಟೂಲಿನ ಮೇಲೆ ಒಂದು ಸ್ಟೀಲ್ ತಟ್ಟೆ. ಯುದ್ಧದಲ್ಲಿ ಸತ್ತವರನ್ನು ತೆಗೆದು ಅದರಲ್ಲಿ ಇಡುತ್ತಾರೆ. ಮಗುವಿನ ಬಾಯಿ ಆಡುತ್ತಿತ್ತು. ತುಟಿಯ ಮೂಲೆಯಲ್ಲಿ ನೀಲಿ ಬಣ್ಣ.

ಓಡಿಹೋಗಿ ಎತ್ತಿಕೊಂಡೆ. "ಆ ಅನ್ನು ಪುಟ್ಟಿ, ಆ ಅನ್ನು!" ಬೆರಳು ಹಾಕಿ ಬಾಯೆಲ್ಲ ತಡಕಿದೆ. ಕಚ್ಚಿದಳು. ಒಳಗೆ ಏನೂ ಇಲ್ಲ.

"ಏನಾಯ್ತಮ್ಮ?" ಅಂದರು ಭಾವ.

"ಭಾವ, ಮಗು ಸಿಪಾಯೀನ ನುಂಗಿಬಿಟ್ಟಿದೆ!"

"ಯಾರ ಕಡೆಯೋನು?" ಅಂದರು ಡಿಪೋದವರು.

ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಯಾರ ಕಡೆಯವನು ಎಂದು ಕೇಳಿದರು.

ಭಾವ ಕೈ ಒರೆಸಿಕೊಂಡು, "ಗಾಬರಿ ಆಗ್ಬೇಡ, ಎಣಿಸಿದ್ರೆ ಗೊತ್ತಾಗುತ್ತೆ" ಅಂದರು. ಮೇಜಿನ ಮೇಲಿದ್ದವರು, ತಟ್ಟೆಯಲ್ಲಿದ್ದವರು, ಎಲ್ಲರನ್ನೂ ಬೆರಳು ಮುಟ್ಟಿಸಿ ಎಣಿಸಿದರು. "ನಲವತ್ತೆಂಟು. ನಂದು ಪೂರ್ತಿ ಇದೆ."

"ನಂದು ಐವತ್ತೆರಡು, ಸರಿ ಇದೆ" ಅಂದರು ಡಿಪೋದವರು.

"ಮತ್ತೆ ಬಣ್ಣ?"

"ಬ್ರಷ್ ಒರೆಸೋ ಬಟ್ಟೆ ಅಲ್ಲೇ ಬಿದ್ದಿತ್ತು. ಅದನ್ನ ಚೀಪಿರ್ಬೇಕು" ಅಂದರು ಭಾವ. ಆಮೇಲೆ ಮೇಜಿನ ಕಡೆ ತಿರುಗಿ, "ಯಾರ ಸರದಿ?"

ಸಂಜೆ ನಮ್ಮ ಯಜಮಾನರಿಗೆ ಹೇಳಿದೆ. ಡಾಕ್ಟರಿಗೆ ಫೋನ್ ಮಾಡುತ್ತೇನೆ ಅಂದೆ. ಅವರು ಸೋಫಾದಲ್ಲಿ ಕಣ್ಣು ಮುಚ್ಚಿದರು. "ಅಣ್ಣ ಎಣಿಸಿದಾನಲ್ಲ? ಇನ್ನೇನು? ಶುಕ್ರವಾರದವರೆಗೂ ಡಾಕ್ಟರಿಗೆ ಫೋನ್ ಮಾಡಲ್ಲ ಅಂತ ಮಾತು ಕೊಟ್ಟಿದ್ದೆ ತಾನೇ?"

ಕೊಟ್ಟಿದ್ದೆ. ಶುಕ್ರವಾರ ಹೇಗೂ ಮಗುವನ್ನು ಲಸಿಕೆಗೆ ಕರೆದುಕೊಂಡು ಹೋಗುವುದಿತ್ತು. ಆ ಮಾತಿಗೂ ಒಂದು ಕಥೆಯಿದೆ. ಹೋದ ತಿಂಗಳು ನಾನು ಕ್ಲಿನಿಕ್ಕಿಗೆ ಒಂಬತ್ತು ಸಲ ಫೋನ್ ಮಾಡಿದ್ದೆ. ಬಿಕ್ಕಳಿಕೆ ಇಪ್ಪತ್ತು ನಿಮಿಷವಾದರೂ ನಿಲ್ಲಲಿಲ್ಲ ಎಂದು ಒಂದು ಸಲ. ಬೆನ್ನಿನ ಮೇಲೆ ಕಪ್ಪು ಮಚ್ಚೆ ಎದ್ದಿದೆ ಎಂದು ಇನ್ನೊಂದು ಸಲ. ಒರೆಸಿದರೆ ಅದು ಚಾಕಲೇಟು. ಮಗು ಜಾಸ್ತಿ ಹೊತ್ತು ನಿದ್ದೆ ಮಾಡಿತು ಎಂದು ಒಂದು ಸಲ, ಕಮ್ಮಿ ಮಾಡಿತು ಎಂದು ಎರಡು ಸಲ. ಕೌಂಟರಿನಲ್ಲಿ ಕೂರುವ ಹುಡುಗಿ ನನ್ನ ಹಲೋ ಕೇಳಿದ ಕೂಡಲೇ ಉಸಿರು ಬಿಡುತ್ತಾಳೆ. "ಈ ಸಲ ಏನಮ್ಮಾ?" ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕದ್ದೂ ಕೇಳಿಸಿದೆ. ದೊಡ್ಡ ಶಾಲೆಯಲ್ಲಿ ಓದಿದವಳು, ನಾಲ್ಕು ಜನರ ಎದುರು ಭಾಷಣ ಮಾಡಿ ಕಪ್ಪು ಗೆದ್ದವಳು, ಒಂದು ಕೌಂಟರಿನ ಹುಡುಗಿಗೆ ಹೆದರುತ್ತೇನೆ. ಇದು ನನ್ನ ಹೆಮ್ಮೆಯ ಮಾತಲ್ಲ.

ಸೋಮವಾರ ಪುಟ್ಟಿ ಗಂಜಿ ಮುಟ್ಟಲಿಲ್ಲ. ಜೊಲ್ಲು ಧಾರೆ. ನಾನು ಹಳೇ ಚಹಾ ಸೋಸುವ ಜಾಲರಿ ಹಿಡಿದು ಬಚ್ಚಲಲ್ಲಿ ಮಾಡಬಾರದ ಶೋಧನೆ ಮಾಡುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತರು.

"ಏನೇ ಅದು, ಚಿನ್ನ ಶೋಧಿಸ್ತಿದ್ದೀಯಾ?"

"ಸಿಪಾಯಿ ಅತ್ತೆ."

"ಅವ್ನು ಎಣಿಸಿ ಹೇಳಿದ ಮೇಲೂ ನಿಂದು ಮುಗೀಲಿಲ್ವಾ? ಹಲ್ಲು ಬರ್ತಿದೆ ಕಣೆ ಮಗೂಗೆ. ಜೊಲ್ಲು ಸುರಿಯೋಲ್ವಾ? ನಾವೇನು ಮಕ್ಕಳನ್ನ ಸಾಕಿಲ್ವಾ?"

ಜಾಲರಿಯಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದರೆ ನಿಶ್ಚಿಂತೆ. ಸಿಗದಿದ್ದರೆ ಎರಡರ್ಥ: ನುಂಗಿಲ್ಲ, ಅಥವಾ ಇನ್ನೂ ಒಳಗಿದೆ. ಇಂಥ ಸಮಯದಲ್ಲಿ ನನ್ನ ಮನಸ್ಸು ಯಾವ ಕಡೆ ಓಡುತ್ತದೆ ಎಂದು ಹೇಳಬೇಕಾಗಿಲ್ಲ.

ಹನ್ನೊಂದು ಗಂಟೆಗೆ ತಡೆಯಲಾಗಲಿಲ್ಲ. ಪುಟ್ಟಿಯನ್ನು ಅತ್ತೆಯ ಮಡಿಲಲ್ಲಿ ಕೂರಿಸಿ ಭಾವ ಮಲಗುವ ಕೋಣೆಗೆ ಹೋದೆ. ಅವರ ಕಪಾಟನ್ನು ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ. ಬೀಗದ ಕೈಯನ್ನು ಮಾತ್ರ ಕಪಾಟಿನ ಮೇಲಿರುವ ಪ್ಲಾಸ್ಟರ್ ದವಡೆಯ ಹಲ್ಲಿಗೆ ಕಚ್ಚಿಸಿ ಇಡುತ್ತಾರೆ, ಇಡೀ ಮನೆಗೆ ಕಾಣುವಂತೆ. ರಾಜನ ಭದ್ರತೆ ಇಷ್ಟು.

ಒಳಗೆ ನಾಲ್ಕು ಟ್ರೇ. ಹತ್ತಿಯ ಹಾಸಿಗೆಯ ಮೇಲೆ ಸಾಲಾಗಿ ಮಣೆಗಳು. ನನ್ನ ಮಗಳಿಗೆ ಇಷ್ಟು ಮೆತ್ತನೆಯ ಹಾಸಿಗೆ ಈ ಮನೆಯಲ್ಲಿ ಯಾರೂ ಹಾಸಿಲ್ಲ. ನೆಲದ ಮೇಲೆ ಕೂತು ಎಣಿಸಿದೆ. ನಲವತ್ತೆಂಟು. ಒಂದು ಉಸಿರಿನಷ್ಟು ಹೊತ್ತು ಹಗುರವಾಯಿತು. ಅತ್ತೆ ಸರಿ, ಯಜಮಾನರು ಸರಿ, ನಾನು ಹುಚ್ಚಿ.

ಟ್ರೇಯನ್ನು ವಾಪಸು ಇಡಬೇಕು ಅನ್ನುವಾಗ ಒಂದು ಮಣೆ ಕೈಗೆ ಬಂತು. ಅವತ್ತೇ ಮೊದಲ ಸಲ ಅದನ್ನು ಕಣ್ಣಿನ ಹತ್ತಿರ ಹಿಡಿದದ್ದು. ಮಣೆಯ ಮೇಲೆ ನಾಲ್ಕು ಜನ. ಅದರ ಪಕ್ಕದ ಮಣೆಯ ಮೇಲೂ ನಾಲ್ಕು ಜನ.

ನಲವತ್ತೆಂಟು ಜನರಲ್ಲ. ನಲವತ್ತೆಂಟು ಮಣೆ.

ಮಹಾನುಭಾವ ಮಣೆ ಎಣಿಸಿ ಪೂರ್ತಿ ಅಂದಿದ್ದರು. ಅದು ಪಾತ್ರೆ ಎಣಿಸಿ ಅನ್ನ ಇದೆ ಅಂದ ಹಾಗೆ. ನಾಲ್ಕು ನಲವತ್ತೆಂಟಲಿ ನೂರ ತೊಂಬತ್ತೆರಡು ತಲೆ ಇರಬೇಕು. ಒಂದೊಂದೇ ತಲೆ ಮುಟ್ಟಿ ಎಣಿಸಿದೆ. ನೂರ ತೊಂಬತ್ತೊಂದು. ಇನ್ನೊಮ್ಮೆ ಎಣಿಸಿದೆ. ನೂರ ತೊಂಬತ್ತೊಂದು.

ಮೂರನೆಯ ಟ್ರೇಯ ತುದಿಯ ಮಣೆಯಲ್ಲಿ ನೀಲಿ ಹೊದಿಕೆಯ ಮೂವರೇ ನಿಂತಿದ್ದರು. ನಾಲ್ಕನೆಯವನ ಜಾಗದಲ್ಲಿ ಒಣಗಿದ ಅಂಟು, ಅದರಲ್ಲಿ ಎರಡು ಪುಟ್ಟ ಪಾದದ ಗುರುತು. ಉಳಿದ ಮೂವರಲ್ಲಿ ಒಬ್ಬನ ಅಂಚನ್ನು ಒಂದು ಕಾಗದದ ಮೇಲೆ ಉಜ್ಜಿದೆ. ಪೆನ್ಸಿಲಿನ ಹಾಗೆ ಬೂದು ಗೆರೆ ಬಂತು. ಹಳೇ ಪೈಪಿನ ಸೀಸ ಹೀಗೆ ಗೆರೆ ಬಿಡುತ್ತದೆ ಎಂದು ಎಲ್ಲೋ ಓದಿದ್ದೆ. ಸೀಸದ ವಿಷ ಮಕ್ಕಳಿಗೆ ಏನು ಮಾಡುತ್ತದೆ ಎಂಬುದನ್ನೂ ಓದಿದ್ದೆ. ಓದದೆ ಇದ್ದಿದ್ದರೆ ಚೆನ್ನಾಗಿತ್ತು.

ಕ್ಲಿನಿಕ್ಕಿನ ನಂಬರು ಒತ್ತಿದೆ. ಕೊನೆಯ ಅಂಕಿಗೆ ಬರುವ ಹೊತ್ತಿಗೆ ಆ ಹುಡುಗಿಯ ಉಸಿರು ಕಿವಿಯಲ್ಲಿ ಕೇಳಿಸಿತು. ಈ ಸಿಪಾಯಿ ಮೊದಲಿನಿಂದಲೂ ಇಲ್ಲದಿದ್ದರೆ? ಎರಡು ವರ್ಷದ ಹಿಂದೆಯೇ ಕಿತ್ತುಹೋಗಿದ್ದರೆ? ಹತ್ತನೆಯ ಸಲ ನಗೆಪಾಟಲಾಗುತ್ತೇನೆ. ಕಟ್ ಮಾಡಿದೆ. ನಮ್ಮ ಯಜಮಾನರಿಗೆ ಮಾಡಿದೆ. ಅವರು ನೀರಿನ ಮೀಟರ್ ಕಚೇರಿಯಲ್ಲಿ ಯಾರಿಗೋ ರಸೀದಿ ಕೊಡುತ್ತ, "ಅಣ್ಣ ಊಟಕ್ಕೆ ಬರ್ತಾನಲ್ಲ, ಅವನ್ನೇ ಕೇಳು. ಇಟ್ಟೆ" ಅಂದರು. ಇಟ್ಟೇಬಿಟ್ಟರು.

ಭಾವ ಒಂದು ಗಂಟೆಗೆ ಬಂದರು, ಹುಬ್ಬಿನ ತುಂಬ ಹಿಟ್ಟು. ಕೈ ತೊಳೆದು ಮೇಜಿಗೆ ಬಂದಾಗ ಅವರ ತಟ್ಟೆಯಲ್ಲಿ ಅನ್ನದ ಬದಲು ಆ ಮಣೆ ಇಟ್ಟಿದ್ದೆ.

"ಕಪಾಟು ತೆಗೆದ್ಯಾ?" ಅಂದರು. ಮೊದಲ ಮಾತು ಅದೇ.

"ತೆಗೆದೆ. ಇದರಲ್ಲಿ ಎಷ್ಟು ಜನ ಇದಾರೆ ಭಾವ?"

"ಮೂರು."

"ಭಾನುವಾರ ಪೂರ್ತಿ ಇದೆ ಅಂದ್ರಲ್ಲ?"

"ಮಣೆ ಪೂರ್ತಿ ಇತ್ತಲ್ಲಮ್ಮ. ಆಟದಲ್ಲಿ ಒಬ್ಬ ಕಿತ್ತುಬಂದ್ರೂ ಮಣೆ ಮಣೇನೇ. ಮೂರು ಜನ ಇದ್ರೂ ನಾಲ್ಕರ ಬಲ ಅಂತಾನೇ ಲೆಕ್ಕ. ಪುಸ್ತಕದಲ್ಲಿ ಇದೆ, ಬೇಕಾದ್ರೆ..."

"ಪುಸ್ತಕ ಒಲೆಗೆ ಹಾಕಿ! ನಾಲ್ಕನೆಯವನು ಎಲ್ಲಿ?"

ನಾನು ಭಾವನಿಗೆ ದನಿ ಎತ್ತಿದ್ದು ಅದೇ ಮೊದಲು. ಅತ್ತೆ ಪುಟ್ಟಿಯನ್ನು ಎತ್ತಿಕೊಂಡು ಅಡಿಗೆಮನೆಯಿಂದ ಹೊರಗೆ ಬಂದರು. ಭಾವ ಮಣೆಯನ್ನು ಕೈಗೆ ತೆಗೆದುಕೊಂಡರು.

"ಕೊಂಬು ಊದೋನು" ಅಂದರು ಮೆಲ್ಲಗೆ. "ಶನಿವಾರ ಹೊಸದಾಗಿ ಬಣ್ಣ ಬಳಿದಿದ್ದೆ. ಭಾನುವಾರ ಆಟ ಶುರು ಆದಾಗ ಇದ್ದ."

"ಎಣಿಸುವಾಗ?"

ಅವರು ಖಾಲಿ ಜಾಗದ ಅಂಟನ್ನು ಉಗುರಿನಿಂದ ಕೆರೆದರು.

"ಎಣಿಸುವಾಗ ಇದ್ನಾ ಭಾವ?"

"ಇರ್ಲಿಲ್ಲ. ನೋಡ್ದೆ. ಮೇಜಿನಡಿ ಎಲ್ಲೋ ಬಿದ್ದಿರ್ತಾನೆ, ಆಟ ಆದ್ಮೇಲೆ ಹುಡುಕಿದ್ರಾಯ್ತು ಅಂದ್ಕೊಂಡೆ. ಮಣೆ ಲೆಕ್ಕ ಸರಿ ಇತ್ತು. ಅದಕ್ಕೇ ಪೂರ್ತಿ ಅಂದೆ."

"ಆಮೇಲೆ ಹುಡುಕಿದ್ರಾ?"

"ಮರೆತೋಯ್ತು. ಗೆದ್ದಿದ್ವಿ."

ಗೆದ್ದಿದ್ದರು. ಕೇಳಿಸಿಕೊಂಡಿರಲ್ಲ? ಈ ವಂಶದ ಏಕೈಕ ಮಗು ತುಟಿಗೆ ನೀಲಿ ಬಳಿದುಕೊಂಡು ಬಾಯಿ ಆಡಿಸುತ್ತಿತ್ತು, ದೊಡ್ಡಪ್ಪನೆನಿಸಿಕೊಂಡವರು ಒಬ್ಬ ಕಾಣೆಯಾದದ್ದನ್ನು ಕಣ್ಣಾರೆ ಕಂಡು, ಸಾವಿರ ವರ್ಷದ ಹಿಂದಿನ ಹೊಳೆಯ ದಡದಲ್ಲಿ ಗೆದ್ದಿದ್ದರು. ಹಲ್ಲು ಎಣಿಸುವಾಗ ಹದಿನಾಲ್ಕರಲ್ಲಿ ಹದಿಮೂರಿದ್ದರೆ ದವಡೆ ಪೂರ್ತಿ ಇದೆ ಅನ್ನುತ್ತಾರೆಯೇ? ಹಾಗೆಂದೇ ಕೇಳಿದೆ. ಅವರು ಹೋಗಿ ಟಾರ್ಚು ತಂದರು.

ಟಾರ್ಚು ಹಾಕಿಕೊಂಡು ಇಬ್ಬರೂ ಮೇಜಿನಡಿ ತೆವಳಿದೆವು. ಒಂದು ದಾಳ ಸಿಕ್ಕಿತು. ಡಿಪೋದವರ ಕಡೆಯ ಒಂದು ಕೊಡಲಿ ಸಿಕ್ಕಿತು. ನಮ್ಮ ಯಜಮಾನರ ಅಂಗಿಯ ಗುಂಡಿ, ಅರ್ಧ ಬಿಸ್ಕತ್ತು, ಒಂದು ಪೆನ್ನಿನ ಮುಚ್ಚಳ ಸಿಕ್ಕಿದವು. ಕೊಂಬು ಊದುವವನು ಸಿಗಲಿಲ್ಲ. ಸೋಫಾ ಎಳೆದೆವು, ಕಂಬಳಿ ಒದರಿದೆವು, ಕಸದ ಬುಟ್ಟಿ ಸುರಿದೆವು. ಇಲ್ಲ.

ಭಾವ ಎದ್ದು ಬೆಳಕಿನ ಕಡೆ ತಿರುಗಿ, ಜೇಬಿನಿಂದ ಭೂತಗನ್ನಡಿ ತೆಗೆದು ಆ ಮಣೆಯನ್ನು ನೋಡತೊಡಗಿದರು. ಈಗಲೂ ಅವರಿಗೆ ಅದರ ಬಣ್ಣದ ಚಿಂತೆಯೇ ಎಂದು ನನ್ನ ಮೈ ಉರಿಯಿತು. ಆದರೆ ಅವರು ನೋಡುತ್ತಿದ್ದದ್ದು ಬಣ್ಣವನ್ನಲ್ಲ. ಮರದ ಅಂಚನ್ನು.

"ಪುಟ್ಟೀನ ಇಲ್ಲಿ ಕೊಡಮ್ಮ" ಅಂದರು ಅತ್ತೆಗೆ. ಮಗುವಿನ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಎತ್ತಿದರು, ಎಷ್ಟು ಹಗುರವಾಗಿ ಎಂದರೆ ಅವಳು ಅಳಲಿಲ್ಲ. ಮೇಲೆ ಎರಡು ಹಲ್ಲು, ನಡುವೆ ಒಂದು ಸಂದು. ಮಣೆಯ ಅಂಚಿನಲ್ಲೂ ಎರಡು ಸಣ್ಣ ಹಳ್ಳ, ನಡುವೆ ಒಂದು ಸಂದು. ಮಣೆಯ ತಳದಲ್ಲಿ ಕೆಳಹಲ್ಲುಗಳ ಇನ್ನೆರಡು.

"ಇವಳದೇ" ಅಂದರು. "ಎಡಗಡೇದು ಸ್ವಲ್ಪ ವಾರೆ. ಇಲ್ಲೂ ವಾರೆ." ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಇಪ್ಪತ್ತೆರಡು ವರ್ಷ ಬೇರೆಯವರ ಬಾಯಿ ಓದಿದ ಮನುಷ್ಯ. ಭಾನುವಾರವೇ ಒಂದು ಸಲ ತಲೆಯೆತ್ತಿ ಈ ಬಾಯಿಯನ್ನು ಓದಿದ್ದರೆ ಆಗುತ್ತಿತ್ತು.

"ಅವನ ಕೈಲಿ ಈಟಿ ಇತ್ತಾ ಭಾವ?" ಈಟಿಗಳನ್ನು ಗುಂಡುಪಿನ್ನಿನಲ್ಲಿ ಮಾಡುತ್ತಾರೆಂದು ಗೊತ್ತಿತ್ತು.

"ಇಲ್ಲ. ಕೊಂಬು ಮಾತ್ರ. ಎಲ್ಲೂ ಚೂಪಿಲ್ಲ. ನಾನೇ ಉಜ್ಜಿ ನಯ ಮಾಡಿದ್ದು."

"ಸೀಸನಾ?"

"ಅರ್ಧಕ್ಕಿಂತ ಜಾಸ್ತಿ. ಉಳಿದದ್ದು ತವರ."

ಅತ್ತೆ ಮಗುವನ್ನು ವಾಪಸು ಎತ್ತಿಕೊಂಡರು. "ಅಯ್ಯೋ, ಅಷ್ಟು ಸಣ್ಣದು, ತಾನಾಗೇ ಹೊರಗೆ ಬರುತ್ತೆ ಬಿಡ್ರೋ. ನಿನ್ನ ತಮ್ಮ ಚಿಕ್ಕೋನಿದ್ದಾಗ ಕೋಟಿನ ಗುಂಡಿ ನುಂಗಿರ್ಲಿಲ್ವಾ? ಮೂರನೇ ದಿನ ಬಂತು. ಶುಕ್ರವಾರದ ತನಕ ನೋಡೋಣ."

"ಗುಂಡಿ ಬೇರೆ ಅಮ್ಮ" ಅಂದರು ಭಾವ, ನೆಲ ನೋಡುತ್ತಲೇ. "ಇದು ಕರಗುತ್ತೆ. ಹೊಟ್ಟೇಲಿ ಹುಳಿ ಇರುತ್ತೆ. ಒಳಗೆ ಕೂತಷ್ಟೂ ಕೆಟ್ಟದ್ದು." ನನ್ನ ಕಡೆ ತಿರುಗಿದರು. "ಯಾಕಮ್ಮ ನಿಂತಿದ್ದೀಯಾ? ಮಾಡು ಫೋನು."

ಅವರ ಅಪ್ಪಣೆಗಾಗಿ ನಾನು ನಿಂತಿರಲಿಲ್ಲ. ನನ್ನ ಹೆಬ್ಬೆರಳು ಆಗಲೇ ಕೊನೆಯ ಅಂಕಿಯ ಮೇಲಿತ್ತು. ಈ ಸಲ ಒತ್ತಿದೆ.

ನಾಲ್ಕು ರಿಂಗು. ಆ ಹುಡುಗಿ ಎತ್ತಿದಳು. ನನ್ನ ಹಲೋ ಕೇಳಿ ಉಸಿರು ಬಿಟ್ಟಳು.

"ಈ ಸಲ ಏನಮ್ಮಾ?"

"ಹದಿಮೂರು ತಿಂಗಳ ಮಗು. ನಿನ್ನೆ ನಾಲ್ಕೂವರೆಗೆ ಸೀಸದ ಗೊಂಬೆ ನುಂಗಿದೆ. ಒಂದೂವರೆ ಸೆಂಟಿಮೀಟರ್ ಉದ್ದ, ಚೂಪಿಲ್ಲ. ಇವತ್ತು ಊಟ ಬಿಟ್ಟಿದೆ. ಡಾಕ್ಟರಿಗೆ ಕೊಡಿ."

ಆ ಕಡೆ ಯಾರೂ ನಗಲಿಲ್ಲ. ಕುರ್ಚಿ ಜರುಗಿದ ಸದ್ದು, ಚಪ್ಪಲಿಯ ಸದ್ದು, ಆಮೇಲೆ ಡಾಕ್ಟರ ದನಿ. "ಇದ್ದ ಹಾಗೇ ಕರ್ಕೊಂಡು ಬನ್ನಿ. ಏನೂ ತಿನ್ನಿಸ್ಬೇಡಿ, ವಾಂತಿ ಮಾಡಿಸ್ಬೇಡಿ. ಮೊದ್ಲು ಎಕ್ಸ್‌ರೇ ತೆಗೀಬೇಕು. ನುಂಗಿದ್ದು ನೋಡಿದ್ರಾ?"

"ಇಲ್ಲ ಡಾಕ್ಟ್ರೇ. ಆದ್ರೆ ಹಲ್ಲಿನ ಗುರುತಿದೆ."

ಭಾವ ಅಷ್ಟರಲ್ಲಿ ಬಾಗಿಲಲ್ಲಿದ್ದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನಮ್ಮ ಯಜಮಾನರದು. ಎಷ್ಟು ದೊಡ್ಡದೆಂದು ಡಾಕ್ಟರಿಗೆ ತೋರಿಸಲು, ಮೂವರು ನಿಂತ ಆ ಮಣೆಯನ್ನು ಅಂಗೈಯಲ್ಲಿ ದೀಪದಂತೆ ಹಿಡಿದುಕೊಂಡಿದ್ದರು.

"ಒಂದೇನಾ ನುಂಗಿರೋದು? ಸರಿಯಾಗಿ ಎಣಿಸಿದ್ದೀರಾ?" ಅಂದರು ಡಾಕ್ಟರು.

"ಒಬ್ಬನೇ" ಅಂದೆ, ಭಾವನಿಗೂ ಕೇಳಿಸುವ ಹಾಗೆ. "ನಾನೇ ಎಣಿಸಿದ್ದೀನಿ. ತಲೆ ಎಣಿಸಿದ್ದೀನಿ, ಮಣೆ ಅಲ್ಲ."